ಹಳೆಯ ಕೆಂಪು ರಕ್ತಕಣವನ್ನು ಬಿಳಿ ಕಣ ಗುರುತಿಸಿ ನುಂಗುವುದು ಹೇಗೆ?

ಬಿಳಿ ರಕ್ತಕಣ ಎಂದೊಡನೆ ನಮಗೆ ನೆನಪಾಗುವುದು ರೋಗಾಣುಗಳ ಜೊತೆಗಿನ ಹೋರಾಟ. ಶಾಲೆಯಲ್ಲಿ ಕಲಿತದ್ದೂ ಅದೇ. ಸೋಂಕು ತಗುಲಿದಾಗ ಅವು ಹೋರಾಡುವುದು ನಿಜ. ಆದರೆ ಯಾವ ಸೋಂಕೂ ಇಲ್ಲದ, ನಾವು ಪೂರ್ತಿ ಆರೋಗ್ಯವಾಗಿರುವ ದಿನಗಳಲ್ಲೂ ಈ ಬಳಗದ ಒಂದು ಗುಂಪಿಗೆ ಬಿಡುವೇ ಇರುವುದಿಲ್ಲ. ನಮ್ಮದೇ ಕೆಂಪು ರಕ್ತಕಣಗಳನ್ನು ಮುಟ್ಟಿ ನೋಡಿ, ಕೆಟ್ಟವನ್ನು ನುಂಗುವುದೇ ಅವುಗಳ ಕೆಲಸ. ವಯಸ್ಕರ ದೇಹದಲ್ಲಿ ಪ್ರತಿ ಸೆಕೆಂಡಿಗೆ 20 ಲಕ್ಷಕ್ಕೂ ಹೆಚ್ಚು ಕೆಂಪು ಕಣಗಳು ಹೀಗೆ ಇಲ್ಲವಾಗುತ್ತವೆ. ಹೆಚ್ಚುಕಡಿಮೆ ಅಷ್ಟೇ ಹೊಸ ಕಣಗಳು ಅಸ್ಥಿಮಜ್ಜೆಯಿಂದ ರಕ್ತಕ್ಕೆ ಬಂದು ಸೇರುತ್ತವೆ.

ನಮ್ಮ ಮೈಯಲ್ಲಿರುವ ಕೆಂಪು ಕಣಗಳು ಹತ್ತಿರ ಹತ್ತಿರ 25 ಲಕ್ಷ ಕೋಟಿ. ಇಷ್ಟರಲ್ಲಿ ಇವತ್ತು ಹೋಗಬೇಕಾದವು ಯಾವುವು ಎಂದು ಬಿಳಿ ಕಣಕ್ಕೆ ತಿಳಿಯುವುದು ಹೇಗೆ? ಕೆಂಪು ಕಣದ ಆಯಸ್ಸು ಸುಮಾರು 120 ದಿನ ಎಂದು ಪುಸ್ತಕಗಳು ಹೇಳುತ್ತವೆ, ಆದರೆ ಆ ದಿನಗಳನ್ನು ಎಣಿಸುವವರು ಯಾರೂ ಇಲ್ಲ. ಬಿಳಿ ಕಣಕ್ಕೆ ವಯಸ್ಸು ಕಾಣುವುದೇ ಇಲ್ಲ. ಅದಕ್ಕೆ ಗೊತ್ತಾಗುವುದು ಬದಲಾವಣೆ ಮಾತ್ರ: ಆಕಾರ ಬದಲಾಗಿದೆಯೇ, ಮೈ ಗಡುಸಾಗಿದೆಯೇ, ಹೊರಮೈಯಲ್ಲಿ ಇರಬಾರದ್ದು ಬಂದು ಕೂತಿದೆಯೇ? ಇದಿಷ್ಟನ್ನು ಮನಸ್ಸಿಗೆ ತಂದುಕೊಂಡರೆ ಹಲವು ಬಗೆಯ ರಕ್ತಹೀನತೆ ಮತ್ತು ಕಾಮಾಲೆಗಳ ಮೂಲ ತಾನಾಗಿಯೇ ಅರ್ಥವಾಗುತ್ತದೆ. ಹೊಸದಾಗಿ ಹುಟ್ಟಿದ ಕಣವೇ ಆಗಿರಲಿ, ಅದು ಬದಲಾಗಿದ್ದರೆ ಬಿಳಿ ಕಣ ಅದನ್ನೂ ಬಿಡುವುದಿಲ್ಲ.

ಇಲ್ಲಿ ಬಿಳಿ ಕಣ ಎಂದಾಗ ಎಲ್ಲ ಬಗೆಯವೂ ಅಲ್ಲ. ಈ ಕೆಲಸ ಮಾಡುವುದು ಮ್ಯಾಕ್ರೋಫೇಜ್ ಎಂಬ ಜಾತಿ. ಇವು ರಕ್ತದಲ್ಲಿ ತೇಲಾಡುವುದಿಲ್ಲ. ಗುಲ್ಮ, ಯಕೃತ್ತು, ಅಸ್ಥಿಮಜ್ಜೆಗಳಲ್ಲಿ ನೆಲೆ ನಿಂತಿರುತ್ತವೆ. ರಕ್ತದಲ್ಲಿ ಹರಿಯುವ ಮಾನೊಸೈಟ್ ಎಂಬ ಬಿಳಿ ಕಣಗಳು ಅಂಗಾಂಶದೊಳಗೆ ಇಳಿದು ಮ್ಯಾಕ್ರೋಫೇಜ್ ಆಗಬಲ್ಲವು. ಆದರೆ ಗುಲ್ಮ ಮತ್ತು ಯಕೃತ್ತಿನ ಮ್ಯಾಕ್ರೋಫೇಜ್‌ಗಳಲ್ಲಿ ಹೆಚ್ಚಿನವು ನಾವು ಹುಟ್ಟುವ ಮೊದಲೇ ಅಲ್ಲಿ ನೆಲೆಸಿ, ಅಲ್ಲೇ ತಮ್ಮ ಸಂತತಿ ಬೆಳೆಸಿಕೊಂಡವು. ಕೆಂಪು ಕಣಗಳ ಮಟ್ಟಿಗೆ ಗುಲ್ಮವೇ ಮುಖ್ಯ ಠಾಣೆ. ಹೊಟ್ಟೆಯ ಎಡಭಾಗದಲ್ಲಿ ಪಕ್ಕೆಲುಬುಗಳ ಮರೆಯಲ್ಲಿರುವ ಇದರ ತೂಕ ಸುಮಾರು 150 ಗ್ರಾಂ. ಆಸ್ಪತ್ರೆಗಳಲ್ಲಿ ಇದನ್ನು ಸ್ಪ್ಲೀನ್ ಎಂದೇ ಕರೆಯುತ್ತಾರೆ.

ಇನ್ನು ಕೆಂಪು ಕಣದ ವಿಷಯ. ಅಸ್ಥಿಮಜ್ಜೆಯಿಂದ ಹೊರಡುವ ಮುಂಚೆ ಅದು ತನ್ನ ಕೋಶಕೇಂದ್ರವನ್ನು ಹೊರಹಾಕುತ್ತದೆ. ಪ್ರೋಟೀನ್ ತಯಾರಿಸುವ ವ್ಯವಸ್ಥೆಯನ್ನೂ ಬೇಗನೆ ಕಳೆದುಕೊಳ್ಳುತ್ತದೆ. ಆ ಜಾಗವನ್ನೆಲ್ಲ ಹಿಮೋಗ್ಲೋಬಿನ್ ತುಂಬಿಕೊಳ್ಳುತ್ತದೆ. ಒಂದೊಂದು ಕಣದಲ್ಲೂ ಸುಮಾರು 27 ಕೋಟಿ ಹಿಮೋಗ್ಲೋಬಿನ್ ಅಣುಗಳು. ಆಮ್ಲಜನಕ ಸಾಗಿಸಲು ಇದು ಅನುಕೂಲವೇ, ಆದರೆ ಅದಕ್ಕೆ ತೆರುವ ಬೆಲೆ ದೊಡ್ಡದು. ಯಾವುದಾದರೂ ಪ್ರೋಟೀನ್ ಹಾಳಾದರೆ ಬದಲಿಗೆ ಹೊಸದನ್ನು ಮಾಡಿಕೊಳ್ಳುವ ದಾರಿ ಅದಕ್ಕಿಲ್ಲ. ಜೊತೆಗೆ ಅದು ಹೊತ್ತಿರುವುದು ಆಮ್ಲಜನಕ ಮತ್ತು ಕಬ್ಬಿಣ, ಎರಡು ಸೇರಿದರೆ ತುಕ್ಕು ಹಿಡಿಸುವಂಥವು. ದಿನವೂ ಶೇ 0.5ರಿಂದ 3ರಷ್ಟು ಹಿಮೋಗ್ಲೋಬಿನ್ ತನ್ನಷ್ಟಕ್ಕೇ ಉತ್ಕರ್ಷಣಗೊಂಡು ಆಮ್ಲಜನಕ ಹಿಡಿಯಲಾರದ ರೂಪಕ್ಕೆ ತಿರುಗುತ್ತದೆ. ಅದನ್ನು ಮತ್ತೆ ಸರಿಪಡಿಸುವ ಕಿಣ್ವಗಳು ಕಣದೊಳಗೆ ಇವೆ. ಆದರೆ ಅವೂ ಹುಟ್ಟುವಾಗ ತಂದುಕೊಂಡ ಬುತ್ತಿ. ದಿನ ಕಳೆದಂತೆ ಕರಗುತ್ತಾ ಹೋಗುತ್ತವೆ.

ಗುಲ್ಮದೊಳಗೆ ನಡೆಯುವ ಪರೀಕ್ಷೆಯ ಮೊದಲ ಹಂತದಲ್ಲಿ ಮುಟ್ಟಿ ನೋಡುವುದಕ್ಕಿಂತ ದಾಟಿ ತೋರಿಸುವುದೇ ಮುಖ್ಯ. ದೇಹದ ಬೇರೆಡೆ ರಕ್ತ ಸದಾ ನಾಳದ ಗೋಡೆಯೊಳಗೇ ಹರಿಯುತ್ತದೆ. ಗುಲ್ಮದಲ್ಲಿ ಮಾತ್ರ ಅದರ ಒಂದು ಪಾಲು ನಾಳದ ತುದಿಯಿಂದ ಹೊರಗೆ, ಮ್ಯಾಕ್ರೋಫೇಜ್‌ಗಳು ಕಿಕ್ಕಿರಿದ ಜಾಲರಿಯಂಥ ಅಂಗಾಂಶಕ್ಕೆ ಚೆಲ್ಲುತ್ತದೆ. ಅಲ್ಲಿಂದ ಮತ್ತೆ ರಕ್ತಪ್ರವಾಹಕ್ಕೆ ಮರಳಲು ಅಭಿಧಮನಿಯ ಗೋಡೆಯಲ್ಲಿರುವ ಸೀಳುಗಳೇ ದಾರಿ. ಈ ಸೀಳಿನ ಅಗಲ ಹೆಚ್ಚೆಂದರೆ ಒಂದು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನ ಆಸುಪಾಸು. ಅದನ್ನು ದಾಟಬೇಕಾದ ಕೆಂಪು ಕಣದ ಅಡ್ಡಳತೆ 7ರಿಂದ 8 ಮೈಕ್ರಾನ್. ಕಣ ಮಡಚಿಕೊಳ್ಳಬೇಕು, ಉದ್ದಕ್ಕೆ ಎಳೆದುಕೊಳ್ಳಬೇಕು, ನುಸುಳಿ ಆಚೆ ಬಂದ ಮೇಲೆ ಮತ್ತೆ ಬಿಲ್ಲೆಯಾಗಬೇಕು.

ಎಳೆಯ ಕಣಕ್ಕೆ ಇದು ಸಲೀಸು. ಏಕೆಂದರೆ ಒಳಗಿರುವ ಸಾಮಗ್ರಿಗೆ ಬೇಕಾದದ್ದಕ್ಕಿಂತ ಸುಮಾರು ಶೇ 40ರಷ್ಟು ಹೆಚ್ಚು ಪೊರೆ ಅದಕ್ಕಿದೆ. ಎರಡೂ ಬದಿ ತಗ್ಗಾದ ಆ ಬಿಲ್ಲೆಯಾಕಾರ ಬಂದಿರುವುದೇ ಈ ಸಡಿಲದಿಂದ. ವಯಸ್ಸಾಗುತ್ತಾ ಕಣ ತನ್ನ ಪೊರೆಯನ್ನು ಸಣ್ಣ ಸಣ್ಣ ಗುಳ್ಳೆಗಳಾಗಿ ಕಳಚಿಕೊಳ್ಳುತ್ತದೆ, ನೀರನ್ನೂ ಕಳೆದುಕೊಂಡು ಒಳಗೆ ಗಟ್ಟಿಯಾಗುತ್ತದೆ. ಆಗ ಸೀಳಿನಲ್ಲಿ ನುಸುಳುವುದು ಕಷ್ಟ. ತಡವಾದಷ್ಟೂ ಅದು ಜಾಲರಿಯಲ್ಲೇ ಉಳಿಯುತ್ತದೆ. ಉಳಿದಷ್ಟೂ ಮ್ಯಾಕ್ರೋಫೇಜ್‌ಗಳ ಸ್ಪರ್ಶ ಹೆಚ್ಚುತ್ತದೆ. ಇಡೀ ವಿಷಯದಲ್ಲಿ ನನಗೆ ಅತಿ ಸುಂದರವಾಗಿ ಕಾಣುವುದು ಈ ಏರ್ಪಾಡೇ. ಅಷ್ಟು ಕಿರಿದಾದ ಸೀಳು ಇದ್ದರೆ ಸಾಕು, ಸಾವಿರಾರು ಆರೋಗ್ಯವಂತ ಕಣಗಳ ನಡುವಿನಿಂದ ದುರ್ಬಲವಾದದ್ದು ತಾನಾಗಿಯೇ ಹಿಂದೆ ಉಳಿಯುತ್ತದೆ.

ಹಿಂದೆ ಉಳಿದ ಕಣವನ್ನು ಮ್ಯಾಕ್ರೋಫೇಜ್ ತಡವಿ ನೋಡುತ್ತದೆ. ಆಗ ಅದಕ್ಕೆ ಸಿಗುವ ಸುಳಿವುಗಳಲ್ಲಿ ಮೂರನ್ನು ವಿಜ್ಞಾನಿಗಳು ಚೆನ್ನಾಗಿ ಬಿಡಿಸಿಟ್ಟಿದ್ದಾರೆ.

ಕಣದ ಪೊರೆಗೆ ಒಳಪದರ, ಹೊರಪದರ ಎಂದು ಎರಡಿವೆ. ಫಾಸ್ಫಟೈಡಿಲ್‌ಸೆರೀನ್ ಎಂಬ ಕೊಬ್ಬಿನ ಅಣು ಯಾವಾಗಲೂ ಒಳಪದರದಲ್ಲೇ ಇರಬೇಕು. ಅದು ಹೊರಗೆ ಜಾರಿದರೆ ಒಂದು ಕಿಣ್ವ ಶಕ್ತಿ ವ್ಯಯಿಸಿ ಮತ್ತೆ ಒಳಗೆ ತಳ್ಳುತ್ತದೆ. ಕಣ ಸೊರಗಿದಾಗ, ಒಳಗೆ ಕ್ಯಾಲ್ಸಿಯಂ ಹೆಚ್ಚಾದಾಗ ಈ ಶಿಸ್ತು ತಪ್ಪಿ ಅಣು ಹೊರಪದರದಲ್ಲಿ ಕಾಣಿಸಿಕೊಳ್ಳುತ್ತದೆ. ಸಾಯುತ್ತಿರುವ ಜೀವಕೋಶಗಳೆಲ್ಲ ತೋರುವ ಲಕ್ಷಣ ಇದು; ಸಂಶೋಧಕರು ಇದನ್ನು ‘ನನ್ನನ್ನು ತಿನ್ನು’ ಎನ್ನುವ ಸೂಚನೆ ಎನ್ನುತ್ತಾರೆ.

ಎರಡನೆಯದು ಹಿಮೋಗ್ಲೋಬಿನ್ನಿನಿಂದಲೇ ಬರುತ್ತದೆ. ಕೆಟ್ಟ ಹಿಮೋಗ್ಲೋಬಿನ್ ಮುದ್ದೆಗಟ್ಟಿ ಪೊರೆಯ ಒಳಮೈಗೆ, ಬ್ಯಾಂಡ್ 3 ಎಂಬ ಪ್ರೋಟೀನಿನ ಬುಡಕ್ಕೆ ಅಂಟಿಕೊಳ್ಳುತ್ತದೆ. ಚದುರಿಕೊಂಡಿರಬೇಕಾದ ಬ್ಯಾಂಡ್ 3 ಅಣುಗಳು ಆಗ ಒಂದೆಡೆ ಗುಂಪುಗೂಡುತ್ತವೆ. ನಮ್ಮ ರಕ್ತದಲ್ಲಿ ಸಹಜವಾಗಿಯೇ ಇರುವ ಕೆಲವು ಪ್ರತಿಕಾಯಗಳು ಬಿಡಿ ಬ್ಯಾಂಡ್ 3ಕ್ಕೆ ಅಂಟುವುದಿಲ್ಲ, ಗುಂಪುಗೂಡಿದ್ದಕ್ಕೆ ಅಂಟುತ್ತವೆ. ಪ್ರತಿಕಾಯದ ಬಾಲವನ್ನು ಹಿಡಿಯುವ ಗ್ರಾಹಕಗಳು ಮ್ಯಾಕ್ರೋಫೇಜ್ ಮೈಮೇಲೆ ಇವೆ. ಕಣದೊಳಗೆ ಆದ ಹಾನಿ ಹೊರಗೆ ಗೊತ್ತಾಗುವುದು ಹೀಗೆ.

ಮೂರನೆಯದು ಇವೆರಡಕ್ಕೂ ತದ್ವಿರುದ್ಧ: ‘ನನ್ನನ್ನು ತಿನ್ನಬೇಡ’ ಎನ್ನುವ ಸೂಚನೆ. ಕೆಂಪು ಕಣದ ಮೇಲೆ ಸಿಡಿ47 ಎಂಬ ಪ್ರೋಟೀನ್ ಇದೆ. ಅದು ಮ್ಯಾಕ್ರೋಫೇಜ್‌ನ ಒಂದು ಗ್ರಾಹಕಕ್ಕೆ ತಾಗಿದಾಗ ನುಂಗುವ ಕ್ರಿಯೆಗೆ ತಡೆ ಬೀಳುತ್ತದೆ. 2000ನೇ ಇಸವಿಯಲ್ಲಿ ಪೆರ್-ಆರ್ನೆ ಓಲ್ಡೆನ್‌ಬರ್ಗ್ ಮತ್ತು ಸಹೋದ್ಯೋಗಿಗಳು ಇದನ್ನು ಇಲಿಗಳಲ್ಲಿ ತೋರಿಸಿದರು. ಸಿಡಿ47 ಇಲ್ಲದ ಕೆಂಪು ಕಣಗಳನ್ನು ಸಾಮಾನ್ಯ ಇಲಿಗೆ ಕೊಟ್ಟಾಗ ಗುಲ್ಮದ ಮ್ಯಾಕ್ರೋಫೇಜ್‌ಗಳು ಅವನ್ನು ಬಲುಬೇಗ ನುಂಗಿಹಾಕಿದವು. ಆ ಕಣಗಳು ಮುದಿಯೂ ಆಗಿರಲಿಲ್ಲ, ಗಾಯಗೊಂಡೂ ಇರಲಿಲ್ಲ. ಅಂದರೆ ಮ್ಯಾಕ್ರೋಫೇಜ್ ತಿನ್ನದೆ ಬಿಡುವುದಕ್ಕೂ ಒಂದು ಕಾರಣ ಬೇಕು. ತಪ್ಪು ಕಾಣಲಿಲ್ಲ ಎಂದಷ್ಟೇ ಬಿಟ್ಟುಬಿಡುವುದಿಲ್ಲ. ಯಾವುದೇ ಒಂದು ಸುಳಿವು ತೀರ್ಮಾನಿಸುವುದಕ್ಕಿಂತ, ತಿನ್ನು ಎನ್ನುವವು ಮತ್ತು ಬೇಡ ಎನ್ನುವವುಗಳಲ್ಲಿ ಯಾವುದರ ತೂಕ ಹೆಚ್ಚು ಎಂಬುದೇ ಕಣದ ಹಣೆಬರಹ.

ತೀರ್ಮಾನವಾದ ಮೇಲೆ ಮ್ಯಾಕ್ರೋಫೇಜ್ ತನ್ನ ಮೈಯನ್ನೇ ಚಾಚಿ ಕಣವನ್ನು ಸುತ್ತುವರಿದು ಒಳಗೆಳೆದುಕೊಳ್ಳುತ್ತದೆ. ಒಳಗೆ ಕಿಣ್ವಗಳು ತುಂಬಿದ ಚೀಲಗಳು ಬಂದು ಅದಕ್ಕೆ ಕೂಡಿಕೊಂಡು ಅದನ್ನು ಕರಗಿಸುತ್ತವೆ. ಎಲ್ಲ ಕಣಗಳನ್ನೂ ಇಡಿಯಾಗಿಯೇ ನುಂಗುತ್ತದೆ ಎಂಬ ನಂಬಿಕೆ ಬಹುಕಾಲ ಇತ್ತು. 2020ರಲ್ಲಿ ನೆದರ್‌ಲ್ಯಾಂಡ್ಸ್‌ನ ಸಂಶೋಧಕರು ಪ್ರಕಟಿಸಿದ ಕೆಲಸ ಬೇರೆ ಚಿತ್ರ ಕೊಟ್ಟಿತು: ಗುಲ್ಮದಲ್ಲಿ ಸಿಕ್ಕಿಕೊಂಡ ಮುದಿ ಕಣಗಳಲ್ಲಿ ಅನೇಕವು ಅಲ್ಲೇ ಒಡೆದು ಹಿಮೋಗ್ಲೋಬಿನ್ ಸೋರಿ ಬರಿಯ ಪೊರೆಯಾಗುತ್ತವೆ, ಮ್ಯಾಕ್ರೋಫೇಜ್ ನುಂಗುವುದು ಹೆಚ್ಚಾಗಿ ಆ ಖಾಲಿ ಪೊರೆಯನ್ನು ಮತ್ತು ಸೋರಿದ ಹಿಮೋಗ್ಲೋಬಿನ್ನನ್ನು.

ಹೇಗೇ ಒಳಹೋಗಲಿ, ಹಿಮೋಗ್ಲೋಬಿನ್ನಿನ ಗತಿ ಒಂದೇ. ಪ್ರೋಟೀನ್ ಭಾಗ ಅಮೈನೊ ಆಮ್ಲಗಳಾಗಿ ಮರುಬಳಕೆಗೆ ಹೋಗುತ್ತದೆ. ಕೆಂಪು ಬಣ್ಣ ಕೊಡುವ ಹೀಮ್ ಭಾಗವನ್ನು ಒಂದು ಕಿಣ್ವ ಕತ್ತರಿಸಿ ಹಸಿರು ಬಣ್ಣದ ಬಿಲಿವರ್ಡಿನ್ ಮಾಡುತ್ತದೆ. ಮತ್ತೊಂದು ಅದನ್ನು ಹಳದಿ ಬಣ್ಣದ ಬಿಲಿರುಬಿನ್ ಮಾಡುತ್ತದೆ. ಇದನ್ನು ನೋಡಲು ಲ್ಯಾಬ್ ಬೇಕಿಲ್ಲ. ಮೊಣಕಾಲಿಗೆ ಪೆಟ್ಟು ಬಿದ್ದು ಚರ್ಮದಡಿ ರಕ್ತ ಹೆಪ್ಪುಗಟ್ಟಿದಾಗ ಮೊದಲು ಕೆಂಪು, ಆಮೇಲೆ ನೀಲಿಗಪ್ಪು, ಕೆಲದಿನ ಬಿಟ್ಟು ಅಂಚಿನಲ್ಲಿ ಹಸಿರು, ಕೊನೆಗೆ ಮಾಸಲು ಹಳದಿ ಕಾಣುತ್ತದಲ್ಲ, ಅದು ಇದೇ. ಅಲ್ಲಿ ಸೋರಿದ ಕೆಂಪು ಕಣಗಳನ್ನು ಚರ್ಮದ ಮ್ಯಾಕ್ರೋಫೇಜ್‌ಗಳು ತಿಂದು, ಹೀಮ್ ಅನ್ನು ಹಂತಹಂತವಾಗಿ ಒಡೆಯುತ್ತಿರುವುದು ನಮ್ಮ ಕಣ್ಣೆದುರೇ ನಡೆಯುತ್ತಿರುತ್ತದೆ.

ಬಿಲಿರುಬಿನ್ ರಕ್ತದಲ್ಲಿ ಸಾಗಿ ಯಕೃತ್ತು ಸೇರಿ, ಪಿತ್ತರಸದ ಮೂಲಕ ಕರುಳಿಗೆ ಇಳಿಯುತ್ತದೆ. ಮಲದ ಕಂದು ಬಣ್ಣವೂ ಮೂತ್ರದ ಹಳದಿಯೂ ಅದರಿಂದಲೇ. ನವಜಾತ ಶಿಶುವಿನ ಕೆಂಪು ಕಣಗಳಿಗೆ ಆಯಸ್ಸು ಕಡಿಮೆ, ಯಕೃತ್ತು ಇನ್ನೂ ಪಳಗಿರುವುದಿಲ್ಲ. ಆದ್ದರಿಂದಲೇ ಹುಟ್ಟಿದ ಎರಡು ಮೂರನೇ ದಿನ ಅನೇಕ ಕೂಸುಗಳ ಮೈ ಹಳದಿಯಾಗುವುದು.

ಉಳಿದದ್ದು ಕಬ್ಬಿಣ. ಹೊಸ ಕೆಂಪು ಕಣಗಳಿಗಾಗಿ ದಿನಕ್ಕೆ 20ರಿಂದ 25 ಮಿಲಿಗ್ರಾಂ ಕಬ್ಬಿಣ ಬೇಕು. ಊಟದಿಂದ ನಾವು ಹೀರಿಕೊಳ್ಳುವುದು 1ರಿಂದ 2 ಮಿಲಿಗ್ರಾಂ ಅಷ್ಟೇ. ಮಿಕ್ಕದ್ದೆಲ್ಲ ಹಳೆಯ ಕಣಗಳನ್ನು ತಿಂದ ಮ್ಯಾಕ್ರೋಫೇಜ್‌ಗಳೇ ಬಿಟ್ಟುಕೊಡುವ ಕಬ್ಬಿಣ. ಅವುಗಳ ಪೊರೆಯಲ್ಲಿ ಫೆರೋಪೋರ್ಟಿನ್ ಎಂಬ ಬಾಗಿಲಿದೆ. ಯಕೃತ್ತು ಸ್ರವಿಸುವ ಹೆಪ್ಸಿಡಿನ್ ಎಂಬ ಹಾರ್ಮೋನು ಅದನ್ನು ಮುಚ್ಚುತ್ತದೆ. ಕ್ಷಯ, ಸಂಧಿವಾತದಂಥ ದೀರ್ಘಕಾಲದ ಕಾಯಿಲೆಗಳಲ್ಲಿ ಹೆಪ್ಸಿಡಿನ್ ಏರಿ, ಕಬ್ಬಿಣ ಮ್ಯಾಕ್ರೋಫೇಜ್ ಒಳಗೇ ಉಳಿದುಬಿಡುತ್ತದೆ. ಕಬ್ಬಿಣದ ಮಾತ್ರೆ ನುಂಗುತ್ತಿದ್ದರೂ ಹಿಮೋಗ್ಲೋಬಿನ್ ಏರುತ್ತಿಲ್ಲ ಎಂದು ಕೆಲವರು ಹೇಳುವುದರ ಹಿಂದೆ ಇದೂ ಒಂದು ಕಾರಣ.

ಇಲ್ಲಿವರೆಗಿನದು ಆರೋಗ್ಯದ ಕತೆ. ಕಾಯಿಲೆಯಲ್ಲಿ ಇದೇ ಪರೀಕ್ಷೆ, ಇದೇ ಸೀಳು, ಇದೇ ಸುಳಿವುಗಳು. ಬದಲಾಗುವುದು ಕೆಂಪು ಕಣ.

ಜಿ6ಪಿಡಿ ಎಂಬ ಕಿಣ್ವದ ಕೊರತೆಯನ್ನೇ ನೋಡಿ. ಉತ್ಕರ್ಷಣದಿಂದ ಕೆಂಪು ಕಣವನ್ನು ಕಾಪಾಡುವ ಕಿಣ್ವಗಳಲ್ಲಿ ಇದು ಬಹುಮುಖ್ಯ. ಹುಟ್ಟಿನಿಂದ ಇದರ ಕೊರತೆ ಇರುವವರು ಸಾಮಾನ್ಯ ದಿನಗಳಲ್ಲಿ ಎಲ್ಲರಂತೆಯೇ ಇರುತ್ತಾರೆ. ಆದರೆ ಮಲೇರಿಯಾಗೆ ಕೊಡುವ ಪ್ರೈಮಾಕ್ವಿನ್ ಮಾತ್ರೆ ತಗೊಂಡಾಗ ಕೆಲವರಲ್ಲಿ ಕೆಂಪು ಕಣಗಳು ಇದ್ದಕ್ಕಿದ್ದಂತೆ ಕುಸಿಯುತ್ತವೆ. ಇದಕ್ಕೆ ಕಾರಣ ಈ ಕಿಣ್ವದ ಕೊರತೆ ಎಂದು 1956ರಲ್ಲಿ ಅಮೆರಿಕದ ಸಂಶೋಧಕರು ಕಂಡುಕೊಂಡರು. ವೈವಾಕ್ಸ್ ಎಂಬ ಬಗೆಯ ಮಲೇರಿಯಾ ಮರುಕಳಿಸದಂತೆ 14 ದಿನ ಪ್ರೈಮಾಕ್ವಿನ್ ಕೊಡುವುದು ನಮ್ಮಲ್ಲಿ ವಾಡಿಕೆ. ಮಂಗಳೂರಿನಂಥ, ಮಲೇರಿಯಾದ ಪರಿಚಯ ಬಹಳ ಹಿಂದಿನಿಂದ ಇರುವ ಊರಿನವರಿಗೆ ಈ ಮಾತ್ರೆ ಹೊಸದಲ್ಲ. ತೆಗೆದುಕೊಳ್ಳುತ್ತಿರುವಾಗ ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ ಮಾತ್ರೆ ನಿಲ್ಲಿಸಿ ತಕ್ಷಣ ವೈದ್ಯರನ್ನು ಕಾಣಬೇಕು. ಬಟ್ಟೆಗಳ ನಡುವೆ ಇಡುವ ನ್ಯಾಫ್ತಲೀನ್ ನುಸಿಗುಳಿಗೆಯೂ ಇಂಥವರಿಗೆ ಆಗುವುದಿಲ್ಲ. ಪೆಟ್ಟಿಗೆಯಲ್ಲಿ ನುಸಿಗುಳಿಗೆ ಹಾಕಿಟ್ಟಿದ್ದ ಬಟ್ಟೆಯನ್ನು ಹಾಗೆಯೇ ತೆಗೆದು ಹಸುಗೂಸಿಗೆ ಹೊದಿಸುವುದು ಒಳ್ಳೆಯದಲ್ಲ. ಕೂಸಿಗೆ ಈ ಕೊರತೆ ಇದೆಯೋ ಇಲ್ಲವೋ ಮನೆಯವರಿಗೆ ತಿಳಿದಿರುವುದಿಲ್ಲವಲ್ಲ.

ಆಗ ಕಣದೊಳಗೆ ಆಗುವುದೇನು ಎಂಬುದನ್ನು ಸೂಕ್ಷ್ಮದರ್ಶಕದಲ್ಲಿ ನೋಡಬಹುದು. ವಿಶೇಷ ಬಣ್ಣ ಹಾಕಿದರೆ ಕಣದ ಅಂಚಿಗೆ ಒತ್ತಿಕೊಂಡ ಕಡುಬಣ್ಣದ ಚುಕ್ಕೆಗಳು ಕಾಣುತ್ತವೆ. ಮುದ್ದೆಗಟ್ಟಿದ ಹಿಮೋಗ್ಲೋಬಿನ್ ಅದು, ಹೈನ್ಸ್ ಬಾಡಿ ಎಂದು ಹೆಸರು. ಈ ಕಣ ಗುಲ್ಮದ ಸೀಳಿಗೆ ಬಂದಾಗ ಉಳಿದ ಮೈ ನುಸುಳುತ್ತದೆ, ಗಡುಸಾದ ಚುಕ್ಕೆ ಹಿಂದೆ ಸಿಕ್ಕಿಕೊಳ್ಳುತ್ತದೆ. ಮ್ಯಾಕ್ರೋಫೇಜ್ ಅಷ್ಟನ್ನೇ ಪೊರೆಯ ಸಮೇತ ಕಿತ್ತುಕೊಳ್ಳುತ್ತದೆ. ಹೊರಬಂದ ಕಣ, ಯಾರೋ ಒಂದು ಬದಿ ಕಚ್ಚಿಟ್ಟ ನಿಪ್ಪಟ್ಟಿನಂತೆ ಅಂಚಿನಲ್ಲಿ ಅರ್ಧಚಂದ್ರಾಕಾರದ ಖಾಲಿ ಬಿಟ್ಟುಕೊಂಡಿರುತ್ತದೆ. ಗಾಜಿನ ಮೇಲೆ ಸವರಿದ ರಕ್ತವನ್ನು, ಅಂದರೆ ಸ್ಮಿಯರ್ ನೋಡುವ ಪೆಥಾಲಜಿಸ್ಟ್‌ಗೆ ಈ ಕಣಗಳು ಕಂಡರೆ ಯೋಚನೆ ನೇರ ಜಿ6ಪಿಡಿ ಕಡೆಗೆ ಹೋಗುತ್ತದೆ.

ಕುಡಗೋಲು ಕಣ ಕಾಯಿಲೆಯಲ್ಲಿ ತೊಂದರೆ ಹಿಮೋಗ್ಲೋಬಿನ್ನಿನ ರಚನೆಯಲ್ಲೇ ಇದೆ. ಆಮ್ಲಜನಕ ಬಿಟ್ಟುಕೊಟ್ಟ ಹಿಮೋಗ್ಲೋಬಿನ್ ಕಡ್ಡಿಗಳಾಗಿ ಜೋಡಣೆಗೊಂಡು ಕಣವನ್ನು ಬಾಗಿಸಿ ಗಡುಸು ಮಾಡುತ್ತದೆ. 120 ದಿನ ಬಾಳಬೇಕಾದದ್ದು 10ರಿಂದ 20 ದಿನಕ್ಕೇ ಮುಗಿಯುತ್ತದೆ. ಭಾರತದಲ್ಲಿ ಇದನ್ನು ಮೊದಲು ಗುರುತಿಸಿದ್ದು 1952ರಲ್ಲಿ, ನೀಲಗಿರಿಯ ಬುಡಕಟ್ಟು ಜನರಲ್ಲಿ. ಈ ಕಾಯಿಲೆಯಲ್ಲಿ ಗುಲ್ಮದ ಪಾಡೂ ಕೆಟ್ಟದ್ದು: ಬಾಗಿದ ಕಣಗಳು ಅದರ ರಕ್ತನಾಳಗಳನ್ನೇ ಕಟ್ಟಿಹಾಕುತ್ತಾ ಬಾಲ್ಯದಲ್ಲೇ ಅದು ಸುಕ್ಕುಗಟ್ಟಿ ನಿಷ್ಕ್ರಿಯವಾಗಬಹುದು.

ಮಲೇರಿಯಾದಲ್ಲಿ ಪರಾವಲಂಬಿ ಹೊಕ್ಕ ಕಣ ಗಡುಸಾಗಿ ಗುಲ್ಮದಲ್ಲಿ ತಡೆಯಲ್ಪಡುತ್ತದೆ. ಕೆಲಸ ಹೆಚ್ಚಾಗಿ ಗುಲ್ಮ ಊದಿಕೊಳ್ಳುತ್ತದೆ. ಜ್ವರದ ರೋಗಿಯ ಎಡ ಪಕ್ಕೆಲುಬಿನ ಕೆಳಗೆ ವೈದ್ಯರು ಒತ್ತಿ ನೋಡುವುದು ಅದನ್ನೇ. ಅಚ್ಚರಿಯೆಂದರೆ, ಆರ್ಟಿಸುನೇಟ್ ಔಷಧದಿಂದ ಸತ್ತ ಪರಾವಲಂಬಿಯನ್ನು ಗುಲ್ಮ ಎಷ್ಟೋ ಸಲ ಕಣದೊಳಗಿನಿಂದ ಹೊರತೆಗೆದು ಕಣವನ್ನು ಮತ್ತೆ ರಕ್ತಕ್ಕೆ ಬಿಡುತ್ತದೆ. ಹಾಗೆ ಬದುಕುಳಿದ ಕಣದ ಆಯಸ್ಸು ಮಾತ್ರ ಮೊಟಕು. ಜ್ವರ ವಾಸಿಯಾದ ಒಂದರಿಂದ ಮೂರು ವಾರಗಳಲ್ಲಿ ಅವೆಲ್ಲ ಒಟ್ಟಿಗೆ ನಾಶವಾಗಿ ಕೆಲವರಿಗೆ ಮತ್ತೆ ರಕ್ತಹೀನತೆ ಕಾಣಿಸಿಕೊಳ್ಳುತ್ತದೆ. ತೀವ್ರ ಮಲೇರಿಯಾಗೆ ಇಂಜೆಕ್ಷನ್ ಪಡೆದವರು ಗುಣವಾದ ಮೇಲೂ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು ಎನ್ನುವುದು ಇದಕ್ಕೇ.

ಇವೆಲ್ಲದರಲ್ಲಿ ಕಣ ನಿಜವಾಗಿಯೂ ಹಾಳಾಗಿರುತ್ತದೆ. ಕಣ ಚೆನ್ನಾಗಿಯೇ ಇದ್ದೂ ಮ್ಯಾಕ್ರೋಫೇಜ್‌ಗೆ ತಪ್ಪು ಸುಳಿವು ಸಿಗುವ ಕಾಯಿಲೆಯೂ ಇದೆ. ರೋಗನಿರೋಧಕ ವ್ಯವಸ್ಥೆ ದಾರಿ ತಪ್ಪಿ ಸ್ವಂತ ಕೆಂಪು ಕಣಗಳ ವಿರುದ್ಧವೇ ಪ್ರತಿಕಾಯ ತಯಾರಿಸುತ್ತದೆ. ಪ್ರತಿಕಾಯ ಮೆತ್ತಿಕೊಂಡ ಕಣವನ್ನು ಮ್ಯಾಕ್ರೋಫೇಜ್ ಪೂರ್ತಿ ನುಂಗದಿದ್ದರೂ ಪೊರೆಯಿಂದ ಒಂದೊಂದು ಚೂರು ಕಿತ್ತುಕೊಳ್ಳುತ್ತದೆ. ಪೊರೆ ಕಡಿಮೆಯಾದರೂ ಒಳಗಿನದು ಅಷ್ಟೇ ಇರುವುದರಿಂದ ಬಿಲ್ಲೆ ಗೋಲಿಯಾಗುತ್ತದೆ. ಗೋಲಿಗೆ ಮಡಚಿಕೊಳ್ಳಲು ಸಡಿಲವಿಲ್ಲ. ಮುಂದಿನ ಸುತ್ತಿನಲ್ಲಿ ಸೀಳಿನ ಬಳಿ ಸಿಕ್ಕಿಬೀಳುತ್ತದೆ. ಕಣದ ಮೇಲೆ ಪ್ರತಿಕಾಯ ಕೂತಿದೆಯೇ ಎಂದು ಪತ್ತೆ ಮಾಡುವ ಕೂಂಬ್ಸ್ ಪರೀಕ್ಷೆ 1945ರಲ್ಲಿ ಕೇಂಬ್ರಿಜ್‌ನಲ್ಲಿ ರೂಪುಗೊಂಡಿತು. ಆರ್‌ಎಚ್ ನೆಗೆಟಿವ್ ತಾಯಿಯ ಪ್ರತಿಕಾಯಗಳು ಮಗುವಿನ ಕಣಗಳಿಗೆ ಮೆತ್ತಿಕೊಂಡಿವೆಯೇ ಎಂದು ಇವತ್ತಿಗೂ ಹೆರಿಗೆ ಆಸ್ಪತ್ರೆಗಳಲ್ಲಿ ನೋಡುವುದು ಇದೇ ಪರೀಕ್ಷೆಯಿಂದ.

ಡಯಾಬಿಟಿಸ್ ಇರುವ ಓದುಗರಿಗೆ ಒಂದು ಮಾತು. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆ ನಿಂತಿರುವುದೇ ಕೆಂಪು ಕಣ ಮೂರು ನಾಲ್ಕು ತಿಂಗಳು ಬಾಳುತ್ತದೆ ಎಂಬ ನಂಬಿಕೆಯ ಮೇಲೆ. ಹಿಮೋಗ್ಲೋಬಿನ್ನಿಗೆ ಸಕ್ಕರೆ ನಿಧಾನವಾಗಿ ಅಂಟುತ್ತಾ ಹೋಗುತ್ತದೆ. ಕಣಗಳು ಬೇಗ ನಾಶವಾಗುತ್ತಿದ್ದರೆ ಅಂಟಲು ಸಮಯವೇ ಸಿಗದೆ ವರದಿ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಮನೆಯಲ್ಲಿ ಗ್ಲುಕೋಮೀಟರ್ ಹೆಚ್ಚು ತೋರಿಸುತ್ತಿದ್ದು ಎಚ್‌ಬಿಎ1ಸಿ ಮಾತ್ರ ಚೆನ್ನಾಗಿ ಬರುತ್ತಿದ್ದರೆ ಸಮಾಧಾನಪಟ್ಟು ಸುಮ್ಮನಾಗದೆ ವೈದ್ಯರಿಗೆ ಎರಡನ್ನೂ ತೋರಿಸಿ.

ಚಿಕಿತ್ಸೆಯ ದಾರಿಗಳೂ ಇದೇ ತರ್ಕದವು. ಸ್ಟೀರಾಯ್ಡ್ ಕೊಟ್ಟಾಗ ಮ್ಯಾಕ್ರೋಫೇಜ್‌ನ ನುಂಗುವ ಚುರುಕು ತಗ್ಗುತ್ತದೆ, ಪ್ರತಿಕಾಯವೂ ಕ್ರಮೇಣ ಇಳಿಯುತ್ತದೆ. ಅದರಿಂದ ಆಗದಿದ್ದರೆ, ಅಥವಾ ಹುಟ್ಟಿನಿಂದಲೇ ಕಣಗಳು ಗೋಲಿಯಾಕಾರದಲ್ಲಿರುವ ಕಾಯಿಲೆ ತೀವ್ರವಾಗಿದ್ದರೆ, ಗುಲ್ಮವನ್ನೇ ತೆಗೆಯುವುದುಂಟು. ಕಣಗಳ ಆಕಾರ ಹಾಗೇ ಉಳಿಯುತ್ತದೆ, ಆದರೆ ಅವನ್ನು ತಡೆಯುವ ಸೀಳು ಇಲ್ಲವಾಗುವುದರಿಂದ ಹಿಮೋಗ್ಲೋಬಿನ್ ಏರುತ್ತದೆ. ಗುಲ್ಮ ಇಲ್ಲದವರಿಗೆ ನ್ಯುಮೊಕಾಕಸ್‌ನಂಥ ಬ್ಯಾಕ್ಟೀರಿಯಾಗಳ ಸೋಂಕು ಜೀವಕ್ಕೇ ಕುತ್ತು ತರಬಲ್ಲದು. ಸಾಧ್ಯವಾದಾಗಲೆಲ್ಲ ಶಸ್ತ್ರಚಿಕಿತ್ಸೆಗೆ ಕೆಲವು ವಾರ ಮೊದಲೇ ಲಸಿಕೆ ಹಾಕಿಸುತ್ತಾರೆ. ಆಮೇಲೆ ಜೀವನಪೂರ್ತಿ ಜ್ವರ ಬಂದರೆ ಕಾಯುತ್ತಾ ಕೂರುವಂತಿಲ್ಲ.

ಸಿಡಿ47 ವಿಷಯಕ್ಕೆ ಕ್ಯಾನ್ಸರ್ ವಿಜ್ಞಾನಿಗಳೂ ಕೈಹಾಕಿದರು. ಕೆಲವು ಕ್ಯಾನ್ಸರ್ ಕಣಗಳು ಮೈತುಂಬ ಸಿಡಿ47 ಹೊದ್ದು ಮ್ಯಾಕ್ರೋಫೇಜ್‌ನಿಂದ ತಪ್ಪಿಸಿಕೊಳ್ಳುತ್ತವೆ. ಅದನ್ನು ಮುಚ್ಚಿಬಿಡುವ ಮ್ಯಾಗ್ರೊಲಿಮ್ಯಾಬ್ ಎಂಬ ಔಷಧ ತಯಾರಾಯಿತು. ಆದರೆ ಕೆಂಪು ಕಣಗಳಿಗೂ ರಕ್ಷಣೆ ಅದೇ ಸಿಡಿ47 ಅಲ್ಲವೇ? ಔಷಧ ಕೊಟ್ಟೊಡನೆ ರಕ್ತಹೀನತೆ ಬಂತು. ಹೆಚ್ಚಾಗಿ ಹೋದದ್ದು ಹಳೆಯ ಕಣಗಳು. ‘ತಿನ್ನು’ ಎನ್ನುವ ಸುಳಿವುಗಳು ಮೊದಲೇ ಇದ್ದದ್ದು ಅವುಗಳ ಮೇಲೆ, ಎಳೆಯವು ಬಹುಮಟ್ಟಿಗೆ ಉಳಿದವು. ಅದಕ್ಕಾಗಿ ಮೊದಲು ಸಣ್ಣ ಪ್ರಮಾಣ ಕೊಟ್ಟು, ಹಳೆಯವು ಹೋಗಿ ಅಸ್ಥಿಮಜ್ಜೆಯಿಂದ ಎಳೆಯ ಕಣಗಳು ಬಂದ ಮೇಲೆ ದೊಡ್ಡ ಪ್ರಮಾಣ ಕೊಡುವ ಕ್ರಮವನ್ನು ಪ್ರಯೋಗಗಳಲ್ಲಿ ಅನುಸರಿಸಿದರು. ಕೆಂಪು ಕಣಗಳ ಮಟ್ಟಿಗೆ ಈ ಉಪಾಯ ಸಾಕಷ್ಟು ನಡೆಯಿತು. ರೋಗಿಗಳಿಗೆ ನಿರೀಕ್ಷಿಸಿದ ಲಾಭ ಮಾತ್ರ ಕಾಣದೆ, ರಕ್ತದ ಕ್ಯಾನ್ಸರ್‌ಗಳಲ್ಲಿನ ಪ್ರಯೋಗಗಳು 2024ರಲ್ಲಿ ನಿಂತವು. ಕ್ಯಾನ್ಸರ್ ಕಣದ ಮತ್ತೊಂದು ಗುರುತು ಮತ್ತು ಸಿಡಿ47 ಎರಡೂ ಒಟ್ಟಿಗೆ ಇದ್ದಲ್ಲಿ ಮಾತ್ರ ಬಿಗಿಯಾಗಿ ಅಂಟುವ, ಕೆಂಪು ಕಣವನ್ನು ಅದರ ಪಾಡಿಗೆ ಬಿಡುವ ಪ್ರತಿಕಾಯಗಳನ್ನು ಈಗ ಹಲವು ಲ್ಯಾಬ್‌ಗಳು ಪರೀಕ್ಷಿಸುತ್ತಿವೆ.